ಶುಗರ್ ಎಷ್ಟೈತ್ರಿ?

ನಲವತ್ತೇಳು ದಾಟಿದ ಮೇಲೆ ನಾನೊಂದು ಗೇರ್ ಸೈಕಲ್ ತಗೊಂಡೆ. ಮನೆಗೆ ತಂದು, ಹ್ಯಾಂಡಲ್ಲಿಗೆ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಇನ್ನೇನು ಕಾಯಿ ಒಡೆಯಬೇಕು, ಅಷ್ಟರಲ್ಲಿ ಎದುರು ಮನೆಯ ಕಾಕು ಬಂದರು. ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ದನಿ ತಗ್ಗಿಸಿ ಕೇಳಿದರು.

"ಶುಗರ್ ಎಷ್ಟೈತಪಾ?"

ನನಗೆ ಶುಗರ್ ಇಲ್ಲ. ಇದನ್ನು ಇಲ್ಲಿ ಬರೆದೇ ಇಡುತ್ತೇನೆ, ಯಾಕೆಂದರೆ ಧಾರವಾಡದಲ್ಲಿ ಈ ಮಾತು ನಂಬುವವರು ಈಗ ಯಾರೂ ಉಳಿದಿಲ್ಲ. ಕಾಕುಗೆ "ಇಲ್ರೀ, ಸುಮ್ನ ತಗೊಂಡೇನಿ" ಅಂದೆ. ಆ "ಸುಮ್ನ" ಅಂದದ್ದೇ ತಪ್ಪಾಯಿತು. ಹದಿನೆಂಟು ಸಾವಿರ ಕೊಟ್ಟು ಯಾರಾದರೂ ಸುಮ್ನೆ ಬೆವರು ಹರಿಸುತ್ತಾರಾ? ವಾರದೊಳಗೆ ಓಣಿ ತುಂಬ ಸುದ್ದಿ. ಕಿರಾಣಿ ಅಂಗಡಿಯವನು ಸಕ್ಕರೆ ಕಟ್ಟುತ್ತ, "ಇದು ಮನ್ಯಾಗಿನ ಮಂದಿಗಲ್ರಿ?" ಅಂತ ಖಾತ್ರಿ ಮಾಡಿಕೊಂಡ. ಶುಗರ್ ಅನುಮಾನ ಬಾರದವರಿಗೆ ಸಾಲದ ಅನುಮಾನ. ಒಬ್ಬ ಹಳೆಯ ಗೆಳೆಯ ಟೋಲ್ ನಾಕಾ ಹತ್ತಿರ ಕಾರು ನಿಲ್ಲಿಸಿ, ಗ್ಲಾಸ್ ಇಳಿಸಿ, "ಗಾಡಿ ಮಾರಿದ್ಯೇನೋ? ರೊಕ್ಕ ಬೇಕಿದ್ರ ಕೇಳು, ಸಂಕೋಚ ಮಾಡ್ಕೋಬ್ಯಾಡ" ಅಂದ. ಹತ್ತು ವರ್ಷದ ಹಿಂದೆ ಅವನೇ ನನ್ನಿಂದ ಒಯ್ದ ಎರಡು ಸಾವಿರ ಅವನಿಗೆ ಆಗಲೂ ನೆನಪಾಗಲಿಲ್ಲ.

ಹಾಗಂತ ಧಾರವಾಡಕ್ಕೆ ಸೈಕಲ್ ಹೊಸದೇನೂ ಅಲ್ಲ. ನಾವು ಸಣ್ಣವರಿದ್ದಾಗ ಓಣಿಯ ಸೈಕಲ್ ಅಂಗಡಿಯಲ್ಲಿ ತಾಸಿಗೆ ಎಂಟಾಣೆ ಬಾಡಿಗೆ. ಸೀಟಿನ ಮೇಲೆ ಕೂತರೆ ಪೆಡ್ಲು ನಿಲುಕುತ್ತಿರಲಿಲ್ಲ. ನಡುವಿನ ತ್ರಿಕೋನದೊಳಗೆ ಒಂದು ಕಾಲು ತೂರಿಸಿ, ಮೈಯೆಲ್ಲ ಒಂದು ಕಡೆ ವಾಲಿಸಿ, ಏಡಿಯ ಹಾಗೆ ಅಡ್ಡಡ್ಡ ಹೊಡೆಯುತ್ತಿದ್ದೆವು. ಕಾಲೇಜಿನಲ್ಲಿ ನಮ್ಮ ಮಾಸ್ತರರು ಪ್ಯಾಂಟಿನ ಅಂಚಿಗೆ ಕ್ಲಿಪ್ ಹಾಕಿಕೊಂಡು ಸೈಕಲ್ ಮೇಲೆಯೇ ಬರುತ್ತಿದ್ದರು. ಅವರನ್ನು ಯಾರೂ ಶುಗರ್ ಕೇಳಿದ ನೆನಪಿಲ್ಲ.

ನಡುವೆ ಮೊಪೆಡ್ ಬಂತು, ಬೈಕ್ ಬಂತು, ಸೈಕಲ್ ಅಟ್ಟ ಸೇರಿತು. ಈಗ ಹೆಲ್ಮೆಟ್ಟು, ಬಿಗಿ ಚಡ್ಡಿ ಹಾಕಿಕೊಂಡು ಅದೇ ಸೈಕಲ್ ವಾಪಸ್ ಬಂದಿದೆ. 2018ರಲ್ಲಿ ವಿಶ್ವಸಂಸ್ಥೆ ಜೂನ್ 3 ಅನ್ನು ವಿಶ್ವ ಸೈಕಲ್ ದಿನ ಅಂತ ಮಾಡಿತಲ್ಲ, ಆ ನೆಪದಲ್ಲಿ ಜಾಥಾ, ಟೀ ಶರ್ಟು, ಬಾಳೆಹಣ್ಣು ಎಲ್ಲ ಶುರುವಾದವು. ಹುಬ್ಬಳ್ಳಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಿಂದ ಬಾಡಿಗೆ ಸೈಕಲ್ ನಿಲ್ದಾಣಗಳಾದವು. ಉಣಕಲ್ ನಾಲಾದ ದಂಡೆಗುಂಟ ನಡೆಯುವವರಿಗೆ, ಸೈಕಲ್ಲಿನವರಿಗೆ ಅಂತಲೇ ಹಸಿರು ಕಾರಿಡಾರಿನ ಕೆಲಸ ಹಿಡಿದರು. ತಾಸಿನ ಬಾಡಿಗೆ ಮತ್ತೆ ಬಂದಂತಾಯಿತು, ಎಂಟಾಣೆ ಬದಲು ಮೊಬೈಲಿನ ಆ್ಯಪ್ ಅಷ್ಟೆ.

ಸೈಕಲ್ಲಿಗೇ ಒಂದು ಹಾದಿ ಅಂದರೆ ನನಗೂ ಖುಷಿಯೇ. ಆದರೆ ನಯವಾದ, ಗಾಡಿ ಬಾರದ, ಚೊಲೋ ಬಿಸಿಲು ಬೀಳುವ ಒಂದು ಪಟ್ಟಿ ಕಂಡರೆ ನಮ್ಮ ಮಂದಿಗೆ ನೆನಪಾಗುವುದು ಗೋಧಿ. ಬೇಸಿಗೆಯಲ್ಲಿ ಒಮ್ಮೆ ಇಂಥ ಹಾದಿ ಹಿಡಿದು ಹೊರಟಿದ್ದೆ, ಅರ್ಧಕ್ಕೆ ಬಂದರೆ ಮುಂದೆ ಹಳೇ ಸೀರೆ ಹಾಸಿ ಗೋಧಿ ಹರವಿದ್ದಾರೆ. ಕಾವಲಿಗೆ ಕೂತ ಅಜ್ಜಿ ಕೋಲು ಎತ್ತಿದಳು. "ಬಾಜೂಕ ಹೋಗೋ, ಅಷ್ಟ ದೊಡ್ಡ ರಸ್ತೆ ಐತಿ, ಇಲ್ಲೇ ಬರಬೇಕೇನ?" ನಾನು ಹಕ್ಕು ತೋರಿಸಲು ಜೋರಾಗಿ ಗಂಟೆ ಬಾರಿಸಿದೆ. ಗೋಧಿ ತಿನ್ನುತ್ತಿದ್ದ ಪಾರಿವಾಳಗಳೆಲ್ಲ ಪಟಪಟ ಹಾರಿದವು. ಅಜ್ಜಿಯ ಮುಖ ಅರಳಿತು. "ಇನ್ನೊಮ್ಮೆ ಬಾರಸು" ಅಂದಳು. ಬಾರಿಸಿದೆ. ಏನು ಮಾಡೋದು?

ನಿಜ ಹೇಳಬೇಕೆಂದರೆ ಹುಬ್ಬಳ್ಳಿಯಲ್ಲಿ ಸೈಕಲ್ಲಿಗೆ ಹೇಳಿ ಮಾಡಿಸಿದ ಜಾಗ ರೈಲ್ವೆ ಪ್ಲಾಟ್‌ಫಾರ್ಮ್. 1,507 ಮೀಟರ್, 2023ರಲ್ಲಿ ಉದ್ಘಾಟನೆಯಾದದ್ದು, ಜಗತ್ತಿನಲ್ಲೇ ಅಷ್ಟು ಉದ್ದದ್ದು ಇನ್ನೊಂದಿಲ್ಲ. ತಗ್ಗಿಲ್ಲ, ದಿಣ್ಣೆಯಿಲ್ಲ, ರಾಂಗ್ ಸೈಡಿನಿಂದ ನುಗ್ಗುವ ಬೈಕಿಲ್ಲ, ನಡುನಡುವೆ ಚಹಾ. ಬಿಡೋದಿಲ್ಲ, ಅದೊಂದೇ ತೊಂದರೆ.

ಇರಲಿ, ಶ್ರಾವಣದ ಆ ರವಿವಾರಕ್ಕೆ ಬರುತ್ತೇನೆ. ಧಾರವಾಡದಿಂದ ಹುಬ್ಬಳ್ಳಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ರಸ್ತೆಯ ನಡುವಿನ ಪಟ್ಟಿ ಚಿಗರಿ ಬಸ್ಸಿನದು, ಅದರೊಳಗೆ ನಮಗೆ ಪ್ರವೇಶವಿಲ್ಲ, ಬಾಜೂಕಿನಲ್ಲಿ ಆಟೋ, ಟಂಟಂ, ಆಕಳುಗಳ ಜೊತೆ ಹೋಗಬೇಕು. ಬೆಳಿಗ್ಗೆ ಆರಕ್ಕೆ ಜುಬಿಲಿ ಸರ್ಕಲ್ ಬಿಟ್ಟವನು ತಾಸಿನೊಳಗೆ ಉಣಕಲ್ ಕೆರೆಯ ದಂಡೆ ಮೇಲಿದ್ದೆ. ಉಸಿರು ಕೂಡ ಏರಿರಲಿಲ್ಲ! ನನ್ನೊಳಗೆ ಇಷ್ಟು ವರ್ಷ ಒಬ್ಬ ಪೈಲ್ವಾನ ಮಲಗಿದ್ದ, ಈಗ ಎದ್ದ ಅಂದುಕೊಂಡೆ. ಫೋಟೋ ತೆಗೆದು ಮನೆಯ ಗ್ರೂಪಿಗೆ ಹಾಕಿದೆ. ಆ ಖುಷಿಗೆ ಎರಡು ಪ್ಲೇಟ್ ಪೂರಿ ತಿಂದೆ.

ಎರಡು ವಿಷಯ ನನ್ನ ಲೆಕ್ಕದಲ್ಲಿ ಇರಲಿಲ್ಲ. ಧಾರವಾಡ ಎತ್ತರದಲ್ಲಿದೆ, ಹುಬ್ಬಳ್ಳಿ ತಗ್ಗಿನಲ್ಲಿದೆ. ಮತ್ತೆ ಮಳೆಗಾಲದಲ್ಲಿ ಗಾಳಿ ಬೀಸುವುದು ಪಶ್ಚಿಮದಿಂದ. ಅಂದರೆ ಬೆಳಿಗ್ಗೆ ಸೈಕಲ್ ಹೊಡೆದದ್ದು ನಾನಲ್ಲ, ಇಳಿಜಾರು ಮತ್ತು ಗಾಳಿ ಇಬ್ಬರೂ ರಟ್ಟೆ ಹಿಡಿದು ನನ್ನನ್ನು ಹುಬ್ಬಳ್ಳಿಗೆ ತಂದು ಬಿಟ್ಟುಹೋಗಿದ್ದರು. ಈಗ ಅದೇ ಇಬ್ಬರು ಎದುರಿಗೆ ನಿಂತಿದ್ದರು. ಜೊತೆಗೆ ಜಿಟಿಜಿಟಿ ಮಳೆ, ಹೊಟ್ಟೆಯಲ್ಲಿ ಎರಡು ಪ್ಲೇಟ್ ಪೂರಿ. ಸೈಕಲ್ಲಿಗೆ ಇಪ್ಪತ್ತೊಂದು ಗೇರ್ ಇವೆ, ನವನಗರ ದಾಟುವಷ್ಟರಲ್ಲಿ ಇಪ್ಪತ್ತು ಖರ್ಚಾಗಿ ಕೊನೆಯದೊಂದು ಉಳಿದಿತ್ತು.

ಹಿಂದಿನಿಂದ ಕಿರ್ರ್ ಕಿರ್ರ್ ಅಂತ ಸದ್ದು ಕೇಳಿತು. ಹಾಲು ಹಾಕಿ ಊರಿಗೆ ವಾಪಸ್ ಹೊರಟ ಒಬ್ಬ ಕಾಕಾ, ಅರವತ್ತರ ಮೇಲಿನವರು, ಕ್ಯಾರಿಯರಿನ ಎರಡೂ ಕಡೆ ಖಾಲಿ ಕ್ಯಾನು ಕಟ್ಟಿದ ಹಳೇ ಸೈಕಲ್ಲು, ಅದಕ್ಕೆ ಗೇರಿಲ್ಲ, ಮಡ್‌ಗಾರ್ಡ್ ಇಲ್ಲ, ಬ್ರೇಕ್ ಇದ್ದದ್ದೂ ಅನುಮಾನ. ನನ್ನ ಪಕ್ಕಕ್ಕೆ ಬಂದು ನನ್ನ ವೇಗಕ್ಕೆ ಇಳಿದರು. ಹಾಗೆ ಇಳಿಯುವಾಗ ಬೀಳದಂತೆ ನೋಡಿಕೊಳ್ಳಲು ಅವರಿಗೆ ಸ್ವಲ್ಪ ಕಷ್ಟವೇ ಆಯಿತು.

"ಸಾವಕಾಶ ಬರ್ರಿ ಸರ, ಅವಸರೇನಿಲ್ಲ. ಶುಗರ್ ಏನ್ರಿ?"

ಇಲ್ಲ ಅನ್ನಲಿಕ್ಕೂ ಉಸಿರು ಬೇಕಲ್ವಾ? ತಲೆ ಆಡಿಸಿದೆ. ಯಾವ ಕಡೆಗೆ ಆಡಿಸಿದೆನೋ, "ನಮ್ಮ ಮಾವಗೂ ಐತ್ರಿ, ಮೆಂತೆ ನೀರು ಕುಡೀರಿ" ಅಂದು ಮುಂದೆ ಹೋಗಿಬಿಟ್ಟರು. ಎರಡೇ ನಿಮಿಷದಲ್ಲಿ ಕಣ್ಣಿಗೆ ಕಾಣದಾದರು. ನಮ್ಮ ಸೈಕಲ್ ಜಾಥಾಗಳ ಫೋಟೋದಲ್ಲಿ ಇಂಥ ಕಾಕಾ ಒಬ್ಬರನ್ನೂ ನಾನು ನೋಡಿಲ್ಲ. ಅವರು ದಿನಾ ಹೊಡೆಯುತ್ತಾರಲ್ಲ, ಅದಕ್ಕೇ ಇರಬೇಕು.

ನವಲೂರಿನ ಹತ್ತಿರ ಹಿಂದಿನ ಗಾಲಿ ಉಸ್ಸೆಂದಿತು. ಪುಣ್ಯಕ್ಕೆ ಪಂಕ್ಚರ್ ಅಂಗಡಿ ಹತ್ತಿರವೇ ಇತ್ತು. ಹುಡುಗ ಚೊಲೋ ಕೆಲಸಗಾರ. ಟೈರ್ ಬಿಚ್ಚಿ, ಒಳಗೆ ಬೆರಳು ಆಡಿಸಿ ಜಾಲಿಮುಳ್ಳು ಹುಡುಕಿದ, ಅದರ ಅಳತೆಯಲ್ಲೇ ಟ್ಯೂಬಿನ ತೂತು ಹಿಡಿದ, ತಿಕ್ಕಿ ಪ್ಯಾಚ್ ಅಂಟಿಸಿದ. ಹವಾ ಹಾಕಲು ಹೋದರೆ ಪೈಪಿನ ಬಾಯಿ ಕೂರುತ್ತಲೇ ಇಲ್ಲ. ಸ್ಕೂಟರ್, ಬೈಕಿಗೆಲ್ಲ ಇರುವುದು 8 ಮಿಲಿಮೀಟರಿನ ದಪ್ಪ ವಾಲ್. ನನ್ನದು ಪ್ರೆಸ್ಟಾ ಅನ್ನೋ ಸಣಕಲು ಜಾತಿ, 6 ಮಿಲಿಮೀಟರ್, ತುದಿಗೊಂದು ಪುಟಾಣಿ ತಿರುಪು. ಅದರ ಮೇಲೆ ಕೂರಿಸಲು ಹಿತ್ತಾಳೆಯ ಟೊಪ್ಪಿಗೆ ಬರುತ್ತದೆ, ಅದೊಂದಿದ್ದರೆ ಎಂಥ ಪೈಪಾದರೂ ಹಿಡಿಯುತ್ತದೆ. ಸೈಕಲ್ ತಗೊಂಡಾಗ ಎರಡು ಪುಗಸಟ್ಟೆ ಕೊಟ್ಟಿದ್ದರು. ಕಳೆದುಹೋಗಬಾರದು ಅಂತ ಎರಡನ್ನೂ ಮನೆಯ ದೇವರ ಗೂಡಿನಲ್ಲಿ ಇಟ್ಟಿದ್ದೆ. ಅವು ಅಲ್ಲಿ ಸುರಕ್ಷಿತವಾಗಿದ್ದವು.

ಹುಡುಗ ವಾಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಸರ, ಇದಕ್ಕ ಹವಾ ಅಲ್ರಿ, ಇಂಜೆಕ್ಷನ್ ಮಾಡಬೇಕ್ರಿ."

ಇಂಜೆಕ್ಷನ್ ಅಂದ ಕೂಡಲೇ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದವರು ಬಸಿ ಕೆಳಗಿಟ್ಟರು. "ದಿನಾ ತಗೋತೀರೇನ್ರಿ? ಎಷ್ಟೈತ್ರಿ ಶುಗರ್?"

ಚಿಗರಿಯಲ್ಲಿ ಸೈಕಲ್ ಹತ್ತಿಸುವ ಹಾಗಿಲ್ಲ. ಹೆಂಡತಿಗೆ ಫೋನ್ ಮಾಡಿದೆ, ಆಕೆ ಮೊದಲು ನಕ್ಕು ಮುಗಿಸಿ ಆಮೇಲೆ ಎಲ್ಲಿದ್ದೀರಿ ಅಂತ ಕೇಳಿದಳು. ಕಡೆಗೆ ನವಲೂರಿನ ಪೇರಲ ಹಣ್ಣು ಹೇರಿಕೊಂಡು ಧಾರವಾಡದ ಮಾರ್ಕೆಟ್ಟಿಗೆ ಹೊರಟಿದ್ದ ಟಂಟಂ ಒಂದು ಸಿಕ್ಕಿತು. ಮುಂದೆ ಜಾಗವಿಲ್ಲ. ಹಿಂದೆ ಪೇರಲ ಬುಟ್ಟಿಗಳ ನಡುವೆ ಸೈಕಲ್ ಮಲಗಿಸಿ, ಅದರ ಮೇಲೆ ನಾನು ಬೀಳದಂತೆ, ನನ್ನ ಮೇಲೆ ಅದು ಬೀಳದಂತೆ ಹಿಡಿದುಕೊಂಡು, ಹೆಲ್ಮೆಟ್ ತೆಗೆಯಲು ಕೈ ಖಾಲಿ ಇಲ್ಲದೆ ಹೆಲ್ಮೆಟ್ ಹಾಕಿಕೊಂಡೇ ಕೂತೆ. ದಾರಿಯಲ್ಲಿ ಹಾಲಿನ ಕಾಕಾ ಯಾವುದೋ ಅಂಗಡಿ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಟಂಟಂ ದವಾಖಾನೆಗೆ ಹೊರಟಿದೆ ಅಂದುಕೊಂಡಿರಬೇಕು, ಕೈ ಮುಗಿದರು.

ಮನೆ ಮುಂದೆ ಇಳಿದರೆ ಕಾಕು ಡಬ್ಬಿ ಹಿಡಿದು ಗೇಟಿನಲ್ಲೇ ಇದ್ದರು. ಮೊಮ್ಮಗನಿಗೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕಿತಂತೆ. ಕಂದು ಬಣ್ಣದ, ಮುಟ್ಟಿದರೆ ಸಕ್ಕರೆ ಪುಡಿ ಬೆರಳಿಗೆ ಹತ್ತುವ ಪೇಢಾ. ಟಂಟಂ ಡ್ರೈವರಿಗೆ ಎರಡು ಕೊಟ್ಟರು. ನನ್ನ ಹೆಂಡತಿಗೆ ಎರಡು. ರಸ್ತೆಯಲ್ಲಿ ಹೋಗುತ್ತಿದ್ದ, ಯಾರದೋ ಮನೆಯ ಹುಡುಗನನ್ನು ಕರೆದು ಒಂದು. ಬೆಳಿಗ್ಗೆಯ ಪೂರಿ ಎಂದೋ ಕರಗಿಹೋಗಿತ್ತು. ನಾನೂ ಕೈ ಚಾಚಿದೆ.

ಕಾಕು ಡಬ್ಬಿಯ ಮುಚ್ಚಳ ಹಾಕಿದರು.

"ನಿನಗ ಬ್ಯಾಡೋ ತಮ್ಮಾ. ಇಷ್ಟ ಕಷ್ಟಪಟ್ಟು ಸೈಕಲ್ ಹೊಡದದ್ದು ಹೊಳ್ಯಾಗ ಹುಣಸಿಹಣ್ಣ ತೊಳದಂಗ ಆಕ್ಕೈತಿ."

ಹೆಂಡತಿ ಬಾಯಿ ತುಂಬ ಪೇಢಾ ಇಟ್ಟುಕೊಂಡು ಹೌದು ಹೌದೆಂದು ತಲೆ ಆಡಿಸಿದಳು.