ಐದು ಸಾಲು ‘ಅ’ ಬರೆದ ಮಗು ‘ಸರ’ ಓದಲಿಲ್ಲ

ರಾಜಾಜಿನಗರದ ತಂಗಿ ಮನೆಯಿಂದ ವಾಟ್ಸ್‌ಆ್ಯಪ್‌ಗೆ ಫೋಟೊ ಬಂತು. ಮಗಳ ಯುಕೆಜಿ ಕನ್ನಡ ನೋಟ್‌ಬುಕ್. ‘ಅ’ದಿಂದ ‘ಳ’ದವರೆಗೆ ಒಂದೊಂದು ಅಕ್ಷರ ಐದೈದು ಸಾಲು, ಪುಟದ ಕೊನೆಗೆ ಮಿಸ್ ಹಾಕಿದ ಸ್ಟಾರ್. ಬರಹ ಮುತ್ತು ಪೋಣಿಸಿದ ಹಾಗಿದೆ. ಸಂಜೆ ವಿಡಿಯೊ ಕಾಲ್‌ನಲ್ಲಿ ಚೀಟಿಯ ಮೇಲೆ ‘ಸರ’ ಎಂದು ಬರೆದು ಹಿಡಿದರೆ, ಮಗು ‘ಅ ಆ ಇ ಈ’ ಎಂದು ಶುರು ಮಾಡಿ ಇಡೀ ವರ್ಣಮಾಲೆ ಹಾಡಿಕೊಂಡು ಬಂದು ‘ಸ’ ಹಿಡಿಯಿತು. ‘ರ’ಗೆ ಮತ್ತೆ ಮೊದಲಿಂದ. ಅಷ್ಟರಲ್ಲಿ ‘ಸ’ ಮರೆತುಹೋಗಿತ್ತು.

ಇಂಗ್ಲೆಂಡಿನಲ್ಲಿ ಪುಟ್ಟ ಮಕ್ಕಳಿಗೆ ಓದು ಕಲಿಸುವ ನನ್ನಂಥವರಿಗೆ ಇದು ಚುಚ್ಚದೇ ಇರದು. ಬರೆದಂತೆ ಓದಲಾಗದ ಇಂಗ್ಲಿಷನ್ನು ಇಲ್ಲಿನ ನಾಲ್ಕು ವರ್ಷದವರು ಕೆಲವೇ ವಾರಗಳಲ್ಲಿ ಚೂರುಚೂರು ಓದತೊಡಗುತ್ತಾರೆ. ಅದಕ್ಕೆ ಕಾರಣ ಅಕ್ಷರ ಕೊಡುವ ಕ್ರಮ. ಎ ಬಿ ಸಿ ಡಿ ಎಂದು ಯಾರೂ ಶುರು ಮಾಡುವುದಿಲ್ಲ. ಬಹಳಷ್ಟು ಶಾಲೆಗಳಲ್ಲಿ ಮೊದಲು ಬರುವುದು ಎಸ್, ಎ, ಟಿ, ಪಿ, ಐ, ಎನ್. ಅದೂ ಹೆಸರಿನಿಂದಲ್ಲ, ಸದ್ದಿನಿಂದ. ಈ ಆರು ಕೈಗೆ ಬಂದರೆ ಸ್ಯಾಟ್, ಪಿನ್, ಟ್ಯಾಪ್, ನಿಪ್ ಎಲ್ಲ ಓದಬಹುದು. ಟೀಚರ್ ‘ಟ್–ಆ್ಯ–ಪ್’ ಎಂದು ಬಿಡಿಸಿ ಹೇಳುತ್ತಾರೆ, ಮಗು ಕೂಡಿಸಿ ‘ಟ್ಯಾಪ್’ ಅನ್ನುತ್ತದೆ. ‘ಟ–ಆ್ಯ–ಪ’ ಎಂದು ಬಾಲ ಎಳೆದರೆ ಕೂಡುವುದೇ ಇಲ್ಲ. ವ್ಯಂಜನಕ್ಕೆಲ್ಲ ‘ಅ’ ಸೇರಿಸುವ ನಮ್ಮ ಬಾಯಿಗೆ ಇದು ಕಷ್ಟ. ಹೀಗೆ ಸದ್ದಿನಿಂದ ಓದು ಕಲಿಸುವುದಕ್ಕೆ ಫೋನಿಕ್ಸ್ ಎನ್ನುತ್ತಾರೆ; ಬೆಂಗಳೂರಿನಲ್ಲಿ ಅದು ಎಡವುವುದೂ ಬಹುಪಾಲು ಈ ಬಾಲದಲ್ಲೇ. ಓದಲೆಂದು ಮನೆಗೆ ಕಳಿಸುವ ಪುಸ್ತಕದಲ್ಲೂ ಕಲಿಸಿದ ಸದ್ದಿನ ಪದಗಳೇ ಇರಬೇಕು. 2012ರಿಂದ ‘ಇಯರ್ 1’ ತರಗತಿಯ, ಐದಾರು ವರ್ಷದ ಮಕ್ಕಳಿಗೆ 40 ಪದಗಳ ಒಂದು ಪರೀಕ್ಷೆಯಿದೆ. ಅದರಲ್ಲಿ 20 ಪದ ಅರ್ಥವೇ ಇಲ್ಲದವು, ಪಕ್ಕದಲ್ಲಿ ವಿಚಿತ್ರ ಪ್ರಾಣಿಯ ಚಿತ್ರ. ಬಾಯಿಪಾಠ ಅಲ್ಲಿ ನಡೆಯುವುದಿಲ್ಲ.

ಈಗ ನಮ್ಮದನ್ನು ನೋಡಿ. 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಅವೆನ್ಯೂ ರಸ್ತೆಯಲ್ಲಿ ಸಿಗುವ ಚಾರ್ಟಿನ ಕ್ರಮದಲ್ಲೇ ಹೋದರೆ ಮೊದಲ ತಿಂಗಳುಗಳೆಲ್ಲ ಸ್ವರಕ್ಕೇ ಹೋಗುತ್ತವೆ. ಆದರೆ ಪದದ ನಡುವೆ ಸ್ವರ ತನ್ನ ಇಡೀ ರೂಪದಲ್ಲಿ ಬರುವುದೇ ಅಪರೂಪ, ಅಲ್ಲಿ ಅದು ಗುಡಿಸು, ಕೊಂಬು, ಏತ್ವ ಆಗಿಬಿಡುತ್ತದೆ. ಹದಿಮೂರನ್ನೂ ತಿದ್ದಿ ಮುಗಿಸಿದ ಮಗುವಿಗೆ ‘ಆ’, ‘ಈ’, ‘ಓ’ ಬಿಟ್ಟರೆ ಓದಲು ಒಂದು ಮಾತಿಲ್ಲ. ಆಮೇಲೆ ವರ್ಗದ ಸಾಲು: ಡ-ಢ, ದ-ಧ, ಬ-ಭ. ಹೊಟ್ಟೆ ಸೀಳಿದ್ದು ಯಾವುದು, ಸೀಳದ್ದು ಯಾವುದು ಎಂದು ಐದು ವರ್ಷದ ಕಣ್ಣು ಒಂದೇ ವಾರದಲ್ಲಿ ಗುರುತಿಸಬೇಕು. ‘ಙ’ಗೆ ಚಿತ್ರವಿಲ್ಲ, ‘ಣ’ಗೆ ಬಾಣ, ‘ಳ’ಗೆ ತಾಳೆ, ಅಕ್ಷರ ಪದದ ಕೊನೆಯಲ್ಲಿ ಅಡಗಿರುತ್ತದೆ, ಮಗು ‘ಬಾಣ’ದ ‘ಬಾ’ ಹಿಡಿದುಕೊಳ್ಳುತ್ತದೆ. ಅಲ್ಲಿಂದ ಕಾಗುಣಿತಕ್ಕೆ ನೆಗೆದರೆ 34ಕ್ಕೆ 15ರಂತೆ 510 ರೂಪ. ‘ಕ ಕಾ ಕಿ ಕೀ’ ರಾಗವಾಗಿ ಬರುತ್ತದೆ. ‘ಕೆ’ ಯಾವುದು, ‘ಕೇ’ ಯಾವುದು ಎಂದು ಬಿಡಿಯಾಗಿ ಕೇಳಿದರೆ ಮೌನ.

ಪೆನ್ಸಿಲ್ ವಿಷಯದಲ್ಲಂತೂ ತಾಳ್ಮೆ ಉಳಿಯುವುದಿಲ್ಲ. ಮೂರೂವರೆ ವರ್ಷದ ಬೆರಳಿಗೆ ಎರಡು ಗೆರೆಯ ಕಾಪಿ! ಇಂಗ್ಲೆಂಡಿನಲ್ಲಿ ಮಕ್ಕಳ ಮುಂದೆ ಮರಳಿನ ತಟ್ಟೆ ಇಟ್ಟು ಬೆರಳಲ್ಲಿ ಬರೆಸುತ್ತಾರೆ. ನಾವು ಅಕ್ಕಿ ತಟ್ಟೆಯನ್ನು ವಿಜಯದಶಮಿಯ ಒಂದೇ ದಿನ ಇಟ್ಟು ಮಾರನೇ ದಿನ ಎತ್ತಿಡುತ್ತೇವೆ. ಅದನ್ನು ಆರು ತಿಂಗಳು ಇಟ್ಟುಕೊಂಡಿದ್ದರೆ ಸಾಕಿತ್ತು.

ಟೀಚರ್ ಬೆಳೆಯುವ ಬಗೆಯೂ ಬೇರೆ. 2021ರಿಂದ ಇಂಗ್ಲೆಂಡಿನಲ್ಲಿ ಹೊಸ ಟೀಚರಿಗೆ ಎರಡು ವರ್ಷ ಮೆಂಟರ್ ಇರುತ್ತಾರೆ. ಪಾಠದ ವೇಳೆಯಲ್ಲಿ ಮೊದಲ ವರ್ಷ ಶೇ 10, ಎರಡನೇ ವರ್ಷ ಶೇ 5 ಕಡಿತ, ಕಲಿಯಲಿಕ್ಕೆಂದೇ. ಬೆಂಗಳೂರಿನ ಎಷ್ಟೋ ಮಿಸ್‌ಗಳು ಒಂದು ವರ್ಷದ ನರ್ಸರಿ ಟೀಚರ್ ತರಬೇತಿ (ಎನ್‌ಟಿಟಿ) ಮುಗಿಸಿ ಸೀದಾ ಕ್ಲಾಸಿಗೆ ಇಳಿಯುತ್ತಾರೆ. ತಪ್ಪಿದರೆ ಹಿಂದೆ ಕೂತು ನೋಡಿ ಹೇಳುವವರಿಲ್ಲ. ದಿನಕ್ಕೆ ನಾಲ್ಕು ಮಕ್ಕಳನ್ನು ಪಕ್ಕ ಕೂರಿಸಿಕೊಂಡು ಎರಡೆರಡು ನಿಮಿಷ ಓದಿಸಿ, ಯಾವ ಅಕ್ಷರದಲ್ಲಿ ನಿಂತರು, ಯಾವುದನ್ನು ಯಾವುದೆಂದು ಓದಿದರು ಎಂದು ಬರೆದಿಟ್ಟುಕೊಂಡರೆ ಒಂದೂವರೆ ವಾರದಲ್ಲಿ ಮೂವತ್ತು ಮಕ್ಕಳ ಲೆಕ್ಕ ಸಿಗುತ್ತದೆ. ಮುಂದಿನ ವಾರ ಏನು ಕಲಿಸಬೇಕು ಎಂಬುದು ಅದರಲ್ಲೇ ಇರುತ್ತದೆ. ನೋಟ್‌ಬುಕ್ಕಿನ ಸ್ಟಾರ್ ಅದನ್ನು ಹೇಳುವುದಿಲ್ಲ.

ಇಷ್ಟು ಬರೆದ ಮೇಲೆ ಒಪ್ಪಿಕೊಳ್ಳಬೇಕಾದ್ದೂ ಇದೆ. ಇಂಗ್ಲೆಂಡಿನಲ್ಲಿ ಐದರಿಂದ ಏಳು ವರ್ಷದವರ ಕ್ಲಾಸಿಗೆ 30 ಮಕ್ಕಳೆಂಬ ಮಿತಿ ಕಾನೂನಿನಲ್ಲೇ ಇದೆ, ಸಹಾಯಕರೂ ಇರುತ್ತಾರೆ. ಮಕ್ಕಳ ಕೈಬರಹ ನಮ್ಮ ಯುಕೆಜಿಯವರ ಹತ್ತಿರಕ್ಕೂ ಬರುವುದಿಲ್ಲ. ಇನ್ನೊಂದು ಮಾತು: ಅಕ್ಷರದ ಕ್ರಮ ಮುರಿಯುವ ಈ ವಿದ್ಯೆ ನಮಗೆ ಹೊಸದೇನಲ್ಲ. 1995ರಲ್ಲಿ ಎಚ್‌.ಡಿ. ಕೋಟೆಯ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆ ನೋಡಿ ಬಂದು ನಲಿ-ಕಲಿ ಶುರು ಮಾಡಿದರು. ಅದರಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರದಲ್ಲಿ ಸರ, ರಸ, ಅರಸ, ದರ, ಗರಗಸ. ಮಕ್ಕಳನ್ನು ‘ತಟ್ಟೆ’ ಎಂಬ ಗುಂಪುಗಳಾಗಿ ಕೂರಿಸಿ, ಟೀಚರ್ ಸಹಾಯ ಬೇಕಾದವರನ್ನು ಮೊದಲ ತಟ್ಟೆಯಲ್ಲಿ, ತಾವೇ ಮಾಡಿಕೊಳ್ಳುವವರನ್ನು ಕೊನೆಯದರಲ್ಲಿ ಇಡುತ್ತಾರೆ. ಇಂಗ್ಲಿಷಿಗಿಂತ ಕನ್ನಡಕ್ಕೇ ಅಕ್ಷರ ಕೂಡಿಸಿ ಓದುವ ಈ ಕ್ರಮ ಒಗ್ಗುವುದು, ಯಾಕೆಂದರೆ ‘ಸ’ ಅಂದರೆ ‘ಸ’, ಬಾಲ ಕತ್ತರಿಸುವ ಗೋಜಿಲ್ಲ. ಫೀಸು ಕಟ್ಟಿಸಿಕೊಳ್ಳುವ ಶಾಲೆಗಳು ಪಕ್ಕದ ಬೀದಿಯ ಸರ್ಕಾರಿ ಶಾಲೆಗೆ ಹೋಗಿ ಒಂದು ದಿನ ನೋಡಿ ಬರಬಹುದು.

ತಂಗಿ ಆ ಐದು ಅಕ್ಷರಗಳನ್ನು ರಟ್ಟಿನ ಮೇಲೆ ದೊಡ್ಡದಾಗಿ ಬರೆದಳು, ಒಂದೊಂದೂ ನಾಲ್ಕು ನಾಲ್ಕು ತುಂಡು. ಊಟ ಆದಮೇಲೆ ಹತ್ತು ನಿಮಿಷ, ಪೆನ್ಸಿಲ್ ಇಲ್ಲ. ಮೊದಲ ಮೂರು ದಿನ ಎರಡಕ್ಷರ, ಆಮೇಲೆ ಮೂರಕ್ಷರ. ಹತ್ತನೇ ದಿನದ ವಿಡಿಯೊ ಕಾಲ್‌ನಲ್ಲಿ ಮಗು ಮೂರು ರಟ್ಟು ಜೋಡಿಸಿ ಓದಿ ಕೇಳಿತು: “ದೊಡ್ಡಮ್ಮ, ಅಗಸ ಅಂದ್ರೆ ಯಾರು?”