ಎಷ್ಟು ಕಿಲೋಮೀಟರ್ ಅಂತ ಕೇಳಬೇಡಿ

ಮೈಸೂರಿನ ನಮ್ಮ ಬೀದಿಯಲ್ಲಿ ಯಾರೇ ಸಿಕ್ಕರೂ ಕೇಳುವುದು ಒಂದೇ: "ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ಕಿಲೋಮೀಟರ್ ಆಗುತ್ತೆ?" ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೇಳುವುದು "ಎಷ್ಟು ಗಂಟೆ ಫ್ಲೈಟ್?" ಅಂತ. ವಿಮಾನದ ಮಟ್ಟಿಗೆ ಇವರ ಲೆಕ್ಕವೇ ವಾಸಿ. ಆದರೆ ಅದೂ ಪೂರ್ತಿ ಸರಿಯಲ್ಲ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ದೂರ ಸುಮಾರು 14,000 ಕಿ.ಮೀ. ಗೋಡೆ ಮೇಲಿನ ನಕ್ಷೆ ನೋಡಿದರೆ ದಾರಿ ಗೊತ್ತಾಗುವುದಿಲ್ಲ. ಗ್ಲೋಬ್ ಮೇಲೆ ದಾರ ಹಿಡಿದು ನೋಡಿ, ಉತ್ತರ ಧ್ರುವದ ಕಡೆಗೇ ಹೋಗುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಗಿದ್ದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾ ವಿಮಾನವನ್ನು ಅದೇ ದಾರಿಯಲ್ಲಿ ಬೆಂಗಳೂರಿಗೆ ತಂದರು. ಸುಮಾರು 17 ಗಂಟೆ ಹಿಡಿಯಿತು.

ಹಾಗಂತ ಹತ್ತಿರದ ದಾರಿಯೇ ಬೇಗ ಮುಟ್ಟಿಸುತ್ತೆ ಅಂದುಕೊಳ್ಳಬೇಡಿ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾ ಮೊದಲು ಅಟ್ಲಾಂಟಿಕ್ ದಾಟಿ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ದಾರಿ ಬದಲಿಸಿ ಪೆಸಿಫಿಕ್ ಮೇಲೆ ಹಾರಿತು. ಆಗ 15,300 ಕಿ.ಮೀ. ಆಯಿತು. ದೂರ ಜಾಸ್ತಿ, ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ಇಳಿಯಿತು, ಹಳೇ ದಾರಿಗಿಂತ ಬೇಗ! ಹತ್ತು ಕಿ.ಮೀ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಇದೆಯಲ್ಲ, ಅದು ಹಿಂದಿನಿಂದ ತಳ್ಳುತ್ತದೆ. ಇಂಧನವೂ ಉಳಿಯುತ್ತದೆ.

ಇನ್ನು ಗಂಟೆ ಲೆಕ್ಕ. ನನ್ನ ಗೆಳೆಯರು ಡೈರೆಕ್ಟ್ ಫ್ಲೈಟ್ ಇದ್ದರೆ ಅದೇ ಬೇಕು ಅಂತ ಹಟ ಹಿಡಿಯುತ್ತಾರೆ. ನಾನು ಒಬ್ಬನೇ ಹೋಗುವಾಗ ನನಗೂ ಅದೇ ಇಷ್ಟ. ಆದರೆ ಅಮ್ಮ ಬರುವಾಗ ಬೇಡ ಅನಿಸುತ್ತದೆ. ಮಂಡಿ ನೋವಿರುವವರು 17 ಗಂಟೆ ಒಂದೇ ಸೀಟಿನಲ್ಲಿ ಕೂತಿರುವುದು ಸುಮ್ನೆ ಮಾತಲ್ಲ. ದೋಹಾದಲ್ಲೋ ದುಬೈನಲ್ಲೋ ಮೂರು ಗಂಟೆ ಇಳಿದು, ವೀಲ್‌ಚೇರ್‌ನಲ್ಲಿ ಸುತ್ತಾಡಿ, ಒಂದು ಕಾಫಿ ಕುಡಿದು ಮತ್ತೆ ಹತ್ತಿದರೆ ಕಾಲು ಊದುವುದಿಲ್ಲ ಅಂತ ಅವರೇ ಹೇಳುತ್ತಾರೆ. ಕಾಫಿ ಮಾತ್ರ ಚೆನ್ನಾಗಿರಲ್ಲ ಅನ್ನುವುದೂ ಉಂಟು. ಟಿಕೆಟ್ ಹುಡುಕುವ ಆ್ಯಪ್‌ಗಳು "ಒಟ್ಟು 22 ಗಂಟೆ" ಅಂತ ಕೆಂಪಕ್ಷರದಲ್ಲಿ ಹೆದರಿಸುತ್ತವೆ. ಅದರಲ್ಲಿ ಕೂತ ಗಂಟೆ ಎಷ್ಟು, ನಡೆದಾಡಿದ ಗಂಟೆ ಎಷ್ಟು ಅಂತ ಯಾರು ನೋಡುತ್ತಾರೆ?

ದೇವನಹಳ್ಳಿಯಲ್ಲಿ ಇಳಿದ ಮೇಲೂ ಪ್ರಯಾಣ ಮುಗಿಯಲ್ಲ. ಮೈಸೂರಿಗೆ ಫ್ಲೈಬಸ್ ಹತ್ತಿದರೆ ಮತ್ತೆ ನಾಲ್ಕು ಗಂಟೆ. ಕರೆದುಕೊಂಡು ಹೋಗಲು ಬರುವವರಿಗೆ ತಾರೀಕಿನ ತಲೆನೋವು ಬೇರೆ. ಚಳಿಗಾಲದಲ್ಲಿ ಎರಡೂ ಊರಿಗೆ ಹದಿಮೂರೂವರೆ ಗಂಟೆ ವ್ಯತ್ಯಾಸ. ಶನಿವಾರ ರಾತ್ರಿ ಇಲ್ಲಿಂದ ಹೊರಟವರು ಅಲ್ಲಿ ಇಳಿಯುವುದು ಸೋಮವಾರ ಬೆಳಗಿನ ಜಾವ. ಅಂದರೆ ಕಾರು ಭಾನುವಾರ ರಾತ್ರಿಯೇ ಮೈಸೂರು ಬಿಡಬೇಕು, ಅಲ್ವಾ?