ದೇವರ ಮೀನಿಗೆ ಮಂಡಕ್ಕಿ ಸಾಲದು, ಹಳ್ಳದ ದಡದ ಮರವೂ ಬೇಕು

ಶೃಂಗೇರಿಯ ತುಂಗೆಯಲ್ಲಿ, ದಕ್ಷಿಣ ಕನ್ನಡದ ಶಿಶಿಲದ ಕಪಿಲೆಯಲ್ಲಿ ದೇವರ ಮೀನಿಗೆ, ಅಂದರೆ ದೇವಸ್ಥಾನದ ಸ್ನಾನಘಟ್ಟದ ಮಹಶೀರ್‌ಗೆ, ಯಾರೂ ಗಾಳ ಹಾಕುವುದಿಲ್ಲ. ನಾನೀಗ ಇರುವ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ರಾಜ್ಯದ ಮೀನು ಎನಿಸಿಕೊಂಡ ಬ್ರೂಕ್ ಟ್ರೌಟ್‌ಗೇ ಪರವಾನಗಿ ಪಡೆದು ಗಾಳ ಹಾಕುತ್ತಾರೆ. ಹಾಗಿದ್ದೂ ಹಳ್ಳ ಕಾಯುವುದನ್ನು ಇವರಿಂದ ನಾವು ಕಲಿಯಬೇಕು. ಇವರು ಮೊದಲು ನೋಡುವುದು ನೀರನ್ನು, ಆಮೇಲೆ ಮೀನನ್ನು.

ಬ್ರೂಕ್ ಟ್ರೌಟ್ ಉತ್ತರ ಅಮೆರಿಕದ ಪೂರ್ವಭಾಗದ ತಣ್ಣೀರ ಮೀನು. ನೀರು 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದಕ್ಕೆ ಹಿತ. 20 ದಾಟಿದರೆ ಮೇವು ಕಡಿಮೆ ಮಾಡಿ, ಒರತೆಯ ನೀರು ಸೇರುವ ಜಾಗ ಹುಡುಕುತ್ತದೆ. 25ರ ಆಸುಪಾಸಿನಲ್ಲಿ ಹೆಚ್ಚು ಹೊತ್ತು ಬದುಕದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾಗುವುದು ಹೆಚ್ಚು. ಅದಕ್ಕೇ ಬಲ್ಲವರು ಜುಲೈ ಮಧ್ಯಾಹ್ನ ಮೊದಲು ಥರ್ಮಾಮೀಟರ್ ಅದ್ದಿ ನೋಡುತ್ತಾರೆ. 20ರ ಹತ್ತಿರ ಬಂದಿದ್ದರೆ ಅಂದು ಗಾಳವಿಲ್ಲ, ಆ ಬಿಸಿಯಲ್ಲಿ ಹಿಡಿದು ಬಿಟ್ಟ ಮೀನೂ ಸಾಯಬಹುದು.

ಊಟದ ವಿಷಯ ಇನ್ನೂ ಮುಖ್ಯ. ಈ ಮೀನು ಕಲ್ಲಿನ ಮರೆಯಲ್ಲಿ ಹರಿವಿಗೆ ಮುಖಮಾಡಿ ನಿಂತು, ತೇಲಿಬಂದದ್ದನ್ನು ಕಚ್ಚುತ್ತದೆ. ಮೇಫ್ಲೈ, ಕ್ಯಾಡಿಸ್, ಸ್ಟೋನ್‌ಫ್ಲೈ ಹುಳುಗಳ ಮರಿಗಳು ಇದರ ನಿತ್ಯದ ಆಹಾರ. ಬೇಸಿಗೆ ಏರಿದಂತೆ ನೀರಹುಳುಗಳು ರೆಕ್ಕೆ ಬಂದು ಹಾರಿಹೋಗುತ್ತವೆ. ಆಗ ಮರದಿಂದ ಉದುರುವ ಇರುವೆ, ಜೀರುಂಡೆ, ದಡದ ಮಿಡತೆಗಳೇ ಆಸರೆ. ದೊಡ್ಡ ಮೀನುಗಳು ಕ್ರೇಫಿಶ್, ಸಣ್ಣ ಮೀನು, ಸಾಲಮಾಂಡರ್‌ಗಳನ್ನೂ ಬಿಡವು. ನೀರಹುಳುಗಳಿಗೂ ಕೊಳೆತ ತರಗೆಲೆಯೇ ಮೇವು. ದಡದ ಮರ ಕಡಿದರೆ ನೆರಳು, ತರಗೆಲೆ, ಉದುರುವ ಹುಳು ಮೂರೂ ಒಟ್ಟಿಗೆ ಹೋಗುತ್ತವೆ. ಇಲ್ಲಿಯ ರಾಜ್ಯವೃಕ್ಷ ಹೆಮ್ಲಾಕ್ ಮರಗಳನ್ನು ಏಷ್ಯಾದಿಂದ ಬಂದ ಅಡೆಲ್ಜಿಡ್ ಎಂಬ ಪುಟ್ಟ ಕೀಟ ಒಣಗಿಸುತ್ತಿದೆ. ಟ್ರೌಟ್ ಕಾಯುವವರು ಬೆಟ್ಟದ ಮರಕ್ಕೆ ಔಷಧಿ ಕೊಡುವುದು ಈ ಕಾರಣಕ್ಕೆ.

ಶರತ್ಕಾಲದಲ್ಲಿ ಹೆಣ್ಣುಮೀನು ಗರಸಿನಲ್ಲಿ ಬಾಲದಿಂದ ಗುಳಿ ತೋಡಿ ಮೊಟ್ಟೆಯಿಡುತ್ತದೆ, ಅದೂ ತಳದಿಂದ ಒರತೆ ಜಿನುಗುವ ಕಡೆ. ಮೊಟ್ಟೆಗಳು ಚಳಿಗಾಲವೆಲ್ಲ ಕಲ್ಲಸಂದಿಯಲ್ಲೇ ಇರುತ್ತವೆ. ಮಣ್ಣುರಸ್ತೆಯ ಹೂಳು ಆ ಸಂದಿ ತುಂಬಿತೆಂದರೆ ಉಸಿರುಕಟ್ಟಿ ಸಾಯುತ್ತವೆ. ದೊಡ್ಡ ಮೀನು ಕಂಡು ಮರಿ ಕಾಣದಿದ್ದರೆ ಮೊದಲು ಗರಸು ಕೆದಕಿ ನೋಡಬೇಕು. ಕೆದಕಿದಲ್ಲಿ ನೀರು ರಾಡಿಯಾದರೆ ಉತ್ತರ ಸಿಕ್ಕಂತೆ.

ಇಲ್ಲಿಯದೆಲ್ಲ ಮಾದರಿಯಲ್ಲ. 1883ರಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ತಂದ ಬ್ರೌನ್ ಟ್ರೌಟ್ ಒಳ್ಳೆಯ ಗುಂಡಿಗಳಿಂದ ಬ್ರೂಕ್ ಟ್ರೌಟ್ ಅನ್ನು ಓಡಿಸಿತು. ಪಶ್ಚಿಮದ ರಾಜ್ಯಗಳಲ್ಲಿ ತಂದುಬಿಟ್ಟ ಬ್ರೂಕ್ ಟ್ರೌಟೇ ಅಲ್ಲಿಯ ಕಟ್‌ಥ್ರೋಟ್ ಟ್ರೌಟ್‌ಗೆ ಕಂಟಕ. ಇಂಥ ಎಡವಟ್ಟು ನಮ್ಮ ದೇವಸ್ಥಾನದ ಕಟ್ಟುಪಾಡಿನಲ್ಲಿ ಆಗಿಲ್ಲ: ಇರುವ ಮೀನನ್ನು ಮುಟ್ಟಬೇಡ, ಅಷ್ಟೇ. ಕಾವಲುಗಾರನಿಲ್ಲದೆಯೂ ನಡೆಯುವ ಆ ನಿಯಮದ ಬಗ್ಗೆ ನನಗೆ ಅಪಾರ ಗೌರವ.

ಆದರೆ ಅದು ಸ್ನಾನಘಟ್ಟದ ಆಚೆ ದಾಟುವುದಿಲ್ಲ. 1996ರಲ್ಲಿ ಶಿಶಿಲದ ಮೀನುಗಳು ವಿಷಕ್ಕೆ ರಾಶಿರಾಶಿಯಾಗಿ ಸತ್ತಾಗ ದೇವರ ಭಯ ಅಡ್ಡಬರಲಿಲ್ಲ. ನಮ್ಮ ಮಹಶೀರ್ ಕೂಡ ಕಲ್ಲುಗರಸಿನಲ್ಲೇ ಮೊಟ್ಟೆಯಿಡುವ ಮೀನು. ದಡದ ಮರದಿಂದ ಬೀಳುವ ಹಣ್ಣು, ನೀರಿನ ಏಡಿ, ಹುಳು ತಿಂದು ಬೆಳೆಯುತ್ತದೆ. ಭಕ್ತರ ಮಂಡಕ್ಕಿ ಅದಕ್ಕೆ ಬದಲಿಯಾಗದು. ಮೇಲಿನ ಹಳ್ಳಗಳ ಅತ್ತಿಮರವನ್ನೂ ಗರಸನ್ನೂ ದೇವರ ಹೆಸರಿಗೇ ಸೇರಿಸಬೇಕು.

ಮಲೆನಾಡಿನಲ್ಲಿ ರಸ್ತೆ ಮಾಡಿಸುವವರು ಇಲ್ಲಿಯ ಮೋರಿಗಳನ್ನೂ ನೋಡಬೇಕು. ಕಿರಿದಾದ ಕೊಳವೆಯಿಂದ ನೀರು ರಭಸವಾಗಿ ಧುಮುಕಿ, ಕೆಳಗೆ ಗುಂಡಿ ಕೊರೆದು, ಕೊಳವೆಯ ಬಾಯಿ ಮೇಲೆ ಉಳಿದರೆ ಮೀನು ಹತ್ತಲಾರದು. ಅದಕ್ಕೇ ಈಗ ಹಳ್ಳಕ್ಕಿಂತ ಅಗಲವಾದ, ತಳವಿಲ್ಲದ ಕಮಾನು ಕೂರಿಸಿ, ಒಳಗೆ ಹಳ್ಳದ ಕಲ್ಲನ್ನೇ ಹಾಸುತ್ತಾರೆ.